ಎಡಗಣ್ಣಿನ ಹನಿ: ಲಕ್ಷ್ಮೀಶನ ಪರವಾಗಿ

ಸಂಕಟಕ್ಕೆ ಅರ್ಥ ಹುಡುಕಿದವರು ಯೆಹೂದ್ಯರು ಮತ್ತು ಕ್ರೈಸ್ತರು, ಈ ನೆಲದ ಕಾವ್ಯವಾದರೋ ಅದನ್ನು ಕರ್ಮದ ಲೆಕ್ಕಕ್ಕೆ ಬರೆದು ಕೈತೊಳೆದುಕೊಂಡಿತು ಎಂಬ ತೀರ್ಪು ಕನ್ನಡ ವಿಮರ್ಶೆಯಲ್ಲಿ ಮರುಪರೀಕ್ಷೆಯಿಲ್ಲದೆ ಸಾಗಿಬಂದಿದೆ. ಬಿ.ಎಂ.ಶ್ರೀ.ಯವರು ಗ್ರೀಕ್ ರುದ್ರನಾಟಕದ ಅಳತೆಗೋಲನ್ನು ತಂದಮೇಲೆ ರನ್ನನಿಗೆ ಎತ್ತರದ ಪೀಠ ದೊರೆಯಿತು; ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶನಿಗೆ 'ಉಪಮಾಲೋಲ' ಎಂಬ ಹಳೆಯ ಬಿರುದೇ ಉಳಿಯಿತು, ಅದೂ ಹೊಗಳಿಕೆಯ ವೇಷ ತೊಟ್ಟ ತಿರಸ್ಕಾರವಾಗಿ.

ಲೆಕ್ಕದ ಆರೋಪವನ್ನು ಹೊರಿಸುವುದಾದರೆ ಜನ್ನನ ಮೇಲೆ ಹೊರಿಸಬೇಕು. ತರೀಕೆರೆಯ ಸಮೀಪದ ಅಮೃತಾಪುರದಲ್ಲಿ, 1196ರ ಅಮೃತೇಶ್ವರ ದೇವಾಲಯದ ಶಾಸನವನ್ನು ರಚಿಸಿದ ಈ ಕವಿ 1209ರ 'ಯಶೋಧರ ಚರಿತೆ'ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ತಾಯಿಮಗನನ್ನು ಪ್ರಾಣಿಜನ್ಮಗಳಲ್ಲಿ ತೊಳಲಿಸುತ್ತಾನೆ. ಅಲ್ಲಿ ಪ್ರತಿ ನೋವಿಗೂ ಮುಂಚಿನದೊಂದು ತಪ್ಪು ಸಿದ್ಧವಾಗಿರುತ್ತದೆ. ಹೀಬ್ರೂ ಬೈಬಲಿನ ಯೋಬನ ಗ್ರಂಥದಲ್ಲಿ, ನಿರಪರಾಧಿಯಾದ ಯೋಬನಿಗೆ ಪಾಪವನ್ನು ಒಪ್ಪಿಕೋ ಎಂದು ಒತ್ತಾಯಿಸುವ ಎಲೀಫಜ, ಬಿಲ್ದದ, ಚೋಫರರೆಂಬ ಗೆಳೆಯರು ಇಂಥ ಕಾವ್ಯದಲ್ಲಿ ನೆಮ್ಮದಿಯಾಗಿ ಸಂಸಾರ ಮಾಡಬಲ್ಲರು. ಅವರನ್ನು ದೇವರೇ ಗದರಿಸುತ್ತಾನೆಂಬುದು ಆ ಗ್ರಂಥದ ಹಿರಿಮೆ.

ಲಕ್ಷ್ಮೀಶನ 'ಜೈಮಿನಿ ಭಾರತ'ದ ಅರಸ ಮಯೂರಧ್ವಜನಿಗೆ ಪಾಪವೂ ಇಲ್ಲ, ಗದರಿಸುವ ದೇವರೂ ಇಲ್ಲ. ಬ್ರಾಹ್ಮಣವೇಷದ ಕೃಷ್ಣನು ಸಿಂಹದ ಬಾಯಿಗೆ ಸಿಕ್ಕ ಮಗನ ಕಥೆ ಕಟ್ಟಿ ಅರಸನ ಅರ್ಧದೇಹವನ್ನು ಬೇಡುತ್ತಾನೆ. ಹೆಂಡತಿ ಮಕ್ಕಳೇ ಗರಗಸ ಹಿಡಿಯುತ್ತಾರೆ. ಬೈಬಲಿನಲ್ಲಿ ಮಗನನ್ನು ಬಲಿಕೊಡಹೊರಟ ಅಬ್ರಹಾಮನ ಕತ್ತಿಯನ್ನು ತಡೆದು ಇಸಾಕನ ಬದಲಿಗೆ ಟಗರನ್ನು ಒದಗಿಸಿದ ಮೊರೀಯ ಬೆಟ್ಟದ ಸೌಕರ್ಯ ಇಲ್ಲಿ ಕಾಣದು, ಗರಗಸ ಇಳಿಯತೊಡಗುತ್ತದೆ. ಆಗ ಎಡಗಣ್ಣಿನಲ್ಲಿ ನೀರು ಬರುತ್ತದೆ, ಅಳುತ್ತ ಕೊಟ್ಟ ದಾನ ಬೇಡವೆಂದು ಬ್ರಾಹ್ಮಣ ಹಿಂದೆಗೆಯುತ್ತಾನೆ. ಬಲಭಾಗ ಪರಾರ್ಥಕ್ಕೆ ಸಂದಿತು, ತಾನು ವ್ಯರ್ಥವಾದೆನಲ್ಲ ಎಂದು ಎಡಭಾಗ ಮರುಗುತ್ತಿದೆ ಎಂಬುದು ಅರಸನ ಉತ್ತರ. (ಮತ್ತಾಯನ ಸುವಾರ್ತೆಯ ಅಂತ್ಯತೀರ್ಪಿನಲ್ಲಿಯೂ ಕುರಿಗಳು ಬಲಕ್ಕೆ, ಆಡುಗಳು ಎಡಕ್ಕೆ, ಎಡಗಡೆಯವರ ಪರವಾಗಿ ಅಲ್ಲಿ ಯಾರೂ ಅಳುವುದಿಲ್ಲ.)

ನೋವಿಗೆ ಪ್ರತಿಫಲ ಹೇಳುವ ಉತ್ತರಗಳನ್ನೆಲ್ಲ ಈ ಹನಿ ಪಕ್ಕಕ್ಕೆ ಸರಿಸುತ್ತದೆ. ಯೆಹೂದ್ಯರ ತಾಲ್ಮುದ್, ಅಂದರೆ ರಬ್ಬಿಗಳ ಧರ್ಮಚರ್ಚೆಗಳ ಸಂಗ್ರಹ, ದೇವರು ಪ್ರೀತಿಸಿದವರಿಗೆ ಕೊಡುವ ಪ್ರೇಮದ ದಂಡನೆಯ ಮಾತೆತ್ತುತ್ತದೆ. ಆದರೆ ರಬ್ಬಿ ಯೋಹಾನಾನನು ಹಾಸಿಗೆ ಹಿಡಿದಾಗ ನೋವೂ ಬೇಡ, ಅದರ ಫಲವೂ ಬೇಡವೆಂದದ್ದನ್ನು ಅದೇ ಸಂಗ್ರಹ ಪ್ರಾಮಾಣಿಕವಾಗಿ ಉಳಿಸಿಕೊಂಡಿದೆ. ಕ್ರೈಸ್ತಧರ್ಮದಲ್ಲಿ ಶಿಲುಬೆಯ ಯಾತನೆ ಪರರ ಪಾಪಕ್ಕೆ ತೆತ್ತ ಬೆಲೆ, ದೇವರೇ ಅಲ್ಲಿ ನೋವಿನ ಪಾಲುಗಾರ. ಲಕ್ಷ್ಮೀಶನ ದೇವರು ಬೇಡುವವನು, ಎದುರು ನಿಂತು ನೋಡುವವನು. ಈ ಒರಟು ಸತ್ಯವನ್ನು ವಾರ್ಧಕ ಷಟ್ಪದಿಯ ನಾದದಲ್ಲಿ ತಗ್ಗಿಸದೆ ಹೇಳಿದ ಧೈರ್ಯ ವಿಮರ್ಶಕರಿಗೆ ಕಾಣಲಿಲ್ಲ, ಏಕೆಂದರೆ ಗಂಭೀರವಾದದ್ದು ಕರ್ಕಶವಾಗಿಯೇ ಇರಬೇಕೆಂಬ ರುಚಿಯನ್ನು ಕಾಲೇಜುಗಳು ಅವರಿಗೆ ಕಲಿಸಿದ್ದವು. ಗಮಕಿಯ ಮುಂದೆ ಕುಳಿತ ಓದುಬರಹ ಬಾರದ ಕೇಳುಗನಿಗೆ ಅಂಥ ರುಚಿಯ ಕಾಯಿಲೆ ಇರಲಿಲ್ಲ.

ಕೃಷ್ಣನು ನಿಜರೂಪ ತೋರಿ ಅರಸನನ್ನು ಉಳಿಸುತ್ತಾನೆ, ಅದೇ ಕಾವ್ಯದಲ್ಲಿ ಕಾಡಿಗಟ್ಟಿದ ಸೀತೆ ಕುಶಲವರೊಡನೆ ರಾಮನನ್ನು ಸೇರುತ್ತಾಳೆ, ಆದ್ದರಿಂದ ಕವಿ ನೋವಿನಿಂದ ಜಾರಿಕೊಂಡ ಎಂಬ ಆಕ್ಷೇಪವೊಂದು ಉಳಿದಿದೆ. ಯೋಬನಿಗೂ ಕೊನೆಯಲ್ಲಿ 14,000 ಕುರಿಗಳು, 6,000 ಒಂಟೆಗಳು, ಮತ್ತೆ ಏಳು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು ದೊರೆಯುತ್ತಾರೆ. ಅಲ್ಲಿ ಅದು ದರ್ಶನವಾಗುವುದಾದರೆ ದೇವನೂರಿನಲ್ಲಿ ಪಲಾಯನವಾಗುವುದು ಹೇಗೆಂಬುದನ್ನು ಈ ಆಕ್ಷೇಪವೆತ್ತುವ ವಿಮರ್ಶಕರು ಹೇಳಬೇಕಾಗಿದೆ.