ಹೇಳುವವನಿಲ್ಲದ ರಿವಾಯತ್

ಡಾ. ಎಂ. ಎಂ. ಕಲಬುರ್ಗಿಯವರನ್ನು ಧಾರವಾಡದ ಕಲ್ಯಾಣನಗರದ ಅವರ ಮನೆಯಲ್ಲೇ ಗುಂಡಿಟ್ಟು ಕೊಂದದ್ದು 2015ರ ಆಗಸ್ಟ್ 30ರ ರವಿವಾರ ಬೆಳಿಗ್ಗೆ. ಬೈಕಿನ ಮೇಲೆ ಬಂದ ಇಬ್ಬರು ಬೈಕಿನ ಮೇಲೆಯೇ ಹೋದರು. ಅವರು ಯಾರೆಂದು ಪೊಲೀಸರು ಬರೆದು ನ್ಯಾಯಾಲಯಕ್ಕೆ ಆರೋಪಪಟ್ಟಿ ಕೊಟ್ಟದ್ದು 2019ರ ಆಗಸ್ಟ್‌ನಲ್ಲಿ. ಈ ನಾಲ್ಕು ವರ್ಷಗಳ ನಡುವೆ ನಮ್ಮ ಜಿಲ್ಲೆಯಲ್ಲಿ ಹುಟ್ಟಿದಷ್ಟು ಕಥೆಗಳನ್ನು ನಾವು ಕಥೆಗಾರರೆಲ್ಲ ಸೇರಿಯೂ ಬರೆದಿಲ್ಲ. ನವಲಗುಂದದ ಚಹಾದಂಗಡಿಯಲ್ಲಿ ಒಂದು, ಕುಂದಗೋಳದ ಬಸ್‌ಸ್ಟ್ಯಾಂಡಿನಲ್ಲಿ ಅದಕ್ಕೆ ವಿರುದ್ಧವಾದ ಇನ್ನೊಂದು, ಅಣ್ಣಿಗೇರಿಯ ಕ್ಷೌರದಂಗಡಿಗೆ ಬರುವ ಹೊತ್ತಿಗೆ ಎರಡೂ ಕೂಡಿ ಮೂರನೆಯದು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲಂತೂ ಒಕ್ಕಲುತನ ಬಿಟ್ಟು ಬೇರೆ ಸುದ್ದಿ ಆಡದವರ ಕೈಯಲ್ಲೂ ಈ ಕಥೆಗಳು ಓಡಾಡತೊಡಗಿದವು.

ಇವನ್ನು ವದಂತಿ ಎಂದು ತಳ್ಳಿಹಾಕುವುದು ಸುಲಭ. ಕಥೆ ಬರೆಯುವ ನನಗೆ ಹಾಗೆ ಮಾಡಲು ಮನಸ್ಸಿಲ್ಲ. ಸಿಗದ ಕೊಲೆಗಾರನ ಬಗ್ಗೆ ಜನ ಕಟ್ಟಿದ ಈ ಮಾತುಗಳೂ ಒಂದು ಬಗೆಯ ಕಥನವೇ. ಅವಕ್ಕೆ ನಾಯಕನಿದ್ದಾನೆ, ತಿರುವುಗಳಿವೆ, ಕೇಳುಗರಿದ್ದಾರೆ. ಹಾಗಿದ್ದ ಮೇಲೆ ಒಂದು ಕಥಾಸಂಕಲನಕ್ಕೆ ಕೇಳುವ ಪ್ರಶ್ನೆಗಳನ್ನೇ ಅವಕ್ಕೂ ಕೇಳಬಹುದು. ಹೇಳುತ್ತಿರುವವರು ಯಾರು? ಇದರಿಂದ ಯಾರಿಗೆ ಸುಖ? ಯಾರಿಗೆ ಪೆಟ್ಟು?

ಮೊದಮೊದಲ ಕಥೆಗಳೆಲ್ಲ ಮನೆಯ ಸುತ್ತಲೇ ಸುತ್ತುತ್ತಿದ್ದವು. ಆಸ್ತಿಯ ಜಗಳವಂತೆ, ಹತ್ತಿರದವರೇ ಅಂತೆ. ಆಮೇಲೆ ಅದು ವೀರಶೈವ-ಲಿಂಗಾಯತ ವಾದಕ್ಕೆ ಹೊರಳಿತು. ಎರಡು ವರ್ಷಗಳ ನಂತರ, 2017ರ ಸೆಪ್ಟೆಂಬರ್ 5ರಂದು, ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರನ್ನು ಕೊಂದಾಗಲೂ ಇದೇ ಕ್ರಮ: ಮೊದಲು ಆಸ್ತಿ, ಆಮೇಲೆ ನಕ್ಸಲರು. ಸತ್ತವರ ಮನೆಯವರನ್ನೇ ಮೊದಲು ಕಟಕಟೆಗೆ ನಿಲ್ಲಿಸುವ ಈ ಕಥೆಗೆ ಒಂದು ಅನುಕೂಲವಿದೆ. ಕೊಲೆ ಮನೆಯೊಳಗಿನದಾದರೆ ಊರು ಪಾರಾಗುತ್ತದೆ. ಅವರು ಏನು ಬರೆದಿದ್ದರು, ಯಾರಿಗೆ ಅದು ಸಹಿಸಲಾಗಲಿಲ್ಲ ಎಂದು ಯಾರೂ ಕೇಳಬೇಕಾಗಿಲ್ಲ. ಅತ್ತ ಕಲಬುರ್ಗಿಯವರ ಪತ್ನಿ ಉಮಾದೇವಿಯವರು ತನಿಖೆಗಾಗಿ ಸುಪ್ರೀಂ ಕೋರ್ಟಿನವರೆಗೆ ಹೋದರು. ಅವರ ಅರ್ಜಿಯ ಮೇಲೆಯೇ 2019ರ ಫೆಬ್ರವರಿಯಲ್ಲಿ ಪ್ರಕರಣ ಗೌರಿ ಹತ್ಯೆಯ ತನಿಖೆ ನಡೆಸುತ್ತಿದ್ದ ವಿಶೇಷ ತನಿಖಾ ತಂಡಕ್ಕೆ ಬಂತು. ಮನೆಯವರನ್ನು ಕುರಿತ ಕಥೆಯನ್ನು ಸವಿದವರಲ್ಲಿ ಎಷ್ಟು ಜನ ಈ ಸುದ್ದಿಯನ್ನು ಓದಿದರೋ.

ಇನ್ನೊಂದು ಬಗೆಯ ಕಥೆಯಲ್ಲಿ ತಪ್ಪಿಸಿಕೊಂಡವನು ಮಹಾಪುರುಷ. ಅವನು ನೇಪಾಳದಲ್ಲಿದ್ದಾನೆ, ದುಬೈಗೆ ಹೋಗಿದ್ದಾನೆ, ಮುಖವನ್ನೇ ಬದಲಿಸಿಕೊಂಡಿದ್ದಾನೆ. "ಅಂವ ಸಿಗಂಗಿಲ್ರೀ ಸಾಹೇಬ್ರ, ಅಂವನ ಹಿಂದ ಭಾಳ ದೊಡ್ಡವರದಾರ" ಎಂದು ಹೇಳುವವನ ದನಿಯಲ್ಲಿ ಸಿಟ್ಟಿಗಿಂತ ಮೆಚ್ಚುಗೆಯೇ ಹೆಚ್ಚು. ಕಲಘಟಗಿಯ ಕಡೆಯವರಿಗೆ ದುಬೈ ಬೇಕಾಗಲಿಲ್ಲ, ಅವರ ಕಾಡೇ ಸಾಕಾಯಿತು. ಇದು ನಮಗೆ ಪರಿಚಯವಿರುವ ಲೋಕವೇ. ನಮ್ಮ ಹಿರಿಯರು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದವರು. ಉರ್ದು ಶಾಲೆಯಲ್ಲಿ ಕಲಿತ ನಮ್ಮಂಥವರ ದಿಂಬಿನ ಕೆಳಗೆ ಇಬ್ನೆ ಸಫಿಯ ಇಮ್ರಾನ್ ಇರುತ್ತಿದ್ದ. ಆ ಪುಸ್ತಕಗಳನ್ನು ನಾನು ಹಗುರವಾಗಿ ಕಾಣುವವನಲ್ಲ. ಲಕ್ಷಾಂತರ ಜನರಿಗೆ ಓದು ಕಲಿಸಿದವು ಅವು. ಆದರೆ ಅಲ್ಲಿ ಕೊಲೆಗಾರ ಯಾರೆಂಬುದು ಲೇಖಕನಿಗೆ ಮೊದಲೇ ಗೊತ್ತು. ನಮ್ಮ ಊಹೆ ತಪ್ಪಿದರೆ ಯಾರ ಮನೆಗೂ ಕಲ್ಲು ಬೀಳುವುದಿಲ್ಲ. ಕಲ್ಯಾಣನಗರದ ಕೊಲೆಗೆ ಅಂಥ ಲೇಖಕನಿರಲಿಲ್ಲ. ಪುಟ ತಿರುವಿ ಕೊನೆಗೆ ನೋಡುವ ಅವಕಾಶ ಯಾರಿಗೂ ಇರಲಿಲ್ಲ. ಆದರೂ ಎಲ್ಲರೂ ಕೊನೆಯ ಪುಟ ಓದಿ ಬಂದವರ ಹಾಗೆ ಮಾತಾಡಿದರು.

ತಲೆಮರೆಸಿಕೊಂಡವನ ಕಥೆ ಹೇಳುವುದು ನಮ್ಮ ನೆಲಕ್ಕೆ ಹೊಸದೇನೂ ಅಲ್ಲ. ನವಲಗುಂದದ ಮಗ್ಗುಲಿನ ನರಗುಂದದ ಬಾಬಾಸಾಹೇಬ 1858ರ ಮೇ ತಿಂಗಳಲ್ಲಿ ಸುರೇಬಾನದಲ್ಲಿ ಬ್ರಿಟಿಷರ ಪೊಲಿಟಿಕಲ್ ಏಜೆಂಟ್ ಮ್ಯಾನ್‌ಸನ್‌ನನ್ನು ಕೊಂದ. ಸೈನ್ಯ ಬಂದಾಗ ಊರು ಬಿಟ್ಟ. ಪಂಢರಪುರದ ಯಾತ್ರಿಕನ ವೇಷದಲ್ಲಿ ತೋರಗಲ್ಲಿನ ಕಾಡಿನಲ್ಲಿ ಸಿಕ್ಕಿಬಿದ್ದು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದ. ಆ ಬಂಡಾಯದ ಮೇಲೆ ಲಾವಣಿ ಕಟ್ಟಿದವರಿದ್ದಾರೆ. ಅತಿಶಯೋಕ್ತಿ ಲಾವಣಿಯಲ್ಲೂ ಉಂಟು. ಆದರೆ ಲಾವಣಿಕಾರ ಜನರ ಎದುರು ಡಪ್ಪು ಹಿಡಿದು ನಿಲ್ಲುತ್ತಾನೆ. ಅವನ ಮುಖ ಕಾಣುತ್ತದೆ. ಕೊನೆಯ ನುಡಿಯಲ್ಲಿ ತನ್ನ ಊರು, ತನ್ನ ಗುರು, ತನ್ನ ಹೆಸರು ಹೇಳಿಯೇ ಇಳಿಯುತ್ತಾನೆ.

ಮೊಹರಮ್ಮಿನಲ್ಲಿ ಅಲಾವಿಯ ಸುತ್ತ ಹಾಡುವ ರಿವಾಯತ್ ಪದಗಳಲ್ಲೂ ಇದೇ ಪದ್ಧತಿ. ಹಾಡುವವರಲ್ಲಿ ಎಷ್ಟೋ ಜನ ಮುಸ್ಲಿಮರಲ್ಲ. ಕರ್ಬಲಾದ ಕಥೆ ಅವರ ಬಾಯಲ್ಲಿ ಮಲಪ್ರಭೆಯ ದಂಡೆಯ ಕಥೆಯಾಗಿಬಿಡುತ್ತದೆ. ಚರಿತ್ರೆಗೆ ಒಪ್ಪದ ಸಂಗತಿಗಳೂ ಅದರಲ್ಲಿ ಸೇರಿಕೊಳ್ಳುತ್ತವೆ. ಆದರೂ ಕೊನೆಗೆ ಇಂಥ ಊರಿನ ಇಂಥವನು, ಇಂಥ ಉಸ್ತಾದನ ಶಿಷ್ಯ ಎಂಬ ಅಂಕಿತ ಬರುತ್ತದೆ. ರಿವಾಯತ್ ಎಂಬ ಮಾತಿನ ಅರ್ಥವೇ ಅದು, ಒಬ್ಬರಿಂದ ಕೇಳಿ ಇನ್ನೊಬ್ಬರಿಗೆ ಹೇಳುವುದು. ಹದೀಸಿನ ವಿದ್ವಾಂಸರು ಈ ಪದದ ಮೇಲೆ ಒಂದು ಶಾಸ್ತ್ರವನ್ನೇ ಕಟ್ಟಿದರು. ಮಾತು ಎಷ್ಟೇ ಚೆನ್ನಾಗಿರಲಿ, ಯಾರಿಂದ ಯಾರು ಕೇಳಿದರು ಎಂಬ ಸರಪಳಿಯನ್ನು ಮೊದಲು ಕೇಳುತ್ತಿದ್ದರು. ಸರಪಳಿಯಲ್ಲಿ ಒಂದು ಕೊಂಡಿ ಸುಳ್ಳುಗಾರನೆಂದು ತಿಳಿದರೆ ಆ ಮಾತು ಬಿದ್ದುಹೋಗುತ್ತಿತ್ತು. ನಮ್ಮ ಹಳ್ಳಿಯ ಹಾಡುಗಾರನಿಗೆ ಈ ಶಾಸ್ತ್ರ ತಿಳಿಯದು, ಆದರೆ ಅದರ ಮರ್ಯಾದೆಯನ್ನು ಅವನು ತಿಳಿಯದೆಯೇ ಪಾಲಿಸುತ್ತಾನೆ. ಮೊಬೈಲಿನಲ್ಲಿ ಬರುವ ಕಥೆಯ ತಲೆಯ ಮೇಲೆ 'ಫಾರ್ವರ್ಡೆಡ್ ಆಸ್ ರಿಸೀವ್ಡ್' ಎಂದಿರುತ್ತದೆ. ನನಗೆ ಬಂದದ್ದನ್ನು ನಿಮಗೆ ದಾಟಿಸಿದ್ದೇನೆ, ನನ್ನನ್ನು ಕೇಳಬೇಡಿ ಎಂದು ಇದರ ಅರ್ಥ. ಹೇಳುವವನೇ ಇಲ್ಲದ ರಿವಾಯತ್ ಇದು. ಇದರ ಕೊನೆಯ ನುಡಿಯಲ್ಲಿ ಹೆಸರು ಬರುವುದು ಹಾಡುಗಾರನದಲ್ಲ, ಯಾರೋ ಮೂರನೆಯವನದು.

ಆ ಮೂರನೆಯವನ ವಿಷಯಕ್ಕೆ ಬರಬೇಕು. ಶಿಕ್ಷೆಯಾಗದವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಯಾವುದನ್ನು ಟೀಕಿಸುತ್ತಿದ್ದೇನೋ ಅದನ್ನೇ ಮಾಡಿದಂತಾಗುತ್ತದೆ. ಕಲಬುರ್ಗಿ ಹತ್ಯೆಯಾದ ತಿಂಗಳುಗಳಲ್ಲಿ, 2009ರ ಮಡಗಾಂವ್ ಸ್ಫೋಟದ ಪ್ರಕರಣದಲ್ಲಿ ಆಗಲೇ ತಲೆಮರೆಸಿಕೊಂಡಿದ್ದ ಒಬ್ಬನ ಭಾವಚಿತ್ರ ಪೊಲೀಸರ ರೇಖಾಚಿತ್ರದ ಪಕ್ಕದಲ್ಲಿ ಓಡಾಡಿತು. ಹೋಲಿಕೆ ಇದೆಯೋ ಇಲ್ಲವೋ ಎಂದು ಪತ್ರಿಕೆ, ಟಿ.ವಿ., ಮೊಬೈಲು ಎಲ್ಲೆಡೆ ಚರ್ಚೆ. ನಾಲ್ಕು ವರ್ಷಗಳ ಮೇಲೆ ಬಂದ ಆರೋಪಪಟ್ಟಿಯಲ್ಲಿ ಗುಂಡು ಹಾರಿಸಿದವನೆಂದು ಹೇಳಿದ್ದು ಬೇರೆಯವನನ್ನು. ಅವನು ನೇಪಾಳದವನಲ್ಲ, ದುಬೈಗೆ ಹೋದವನೂ ಅಲ್ಲ. ಹುಬ್ಬಳ್ಳಿಯವನು.

ಈ ಗೀಳು ಚಹಾದಂಗಡಿಯವರದ್ದು ಮಾತ್ರ ಎಂದುಕೊಳ್ಳುವ ಹಾಗೂ ಇಲ್ಲ. 2013ರಲ್ಲಿ ಪುಣೆಯಲ್ಲಿ ನಡೆದ ನರೇಂದ್ರ ದಾಭೋಲ್ಕರ್ ಹತ್ಯೆಯಲ್ಲಿ ಸಿ.ಬಿ.ಐ. 2016ರಲ್ಲಿ ಸಲ್ಲಿಸಿದ ಆರೋಪಪಟ್ಟಿಯಲ್ಲಿ, ಕೈಗೆ ಸಿಗದೆ ಇದ್ದ ಇಬ್ಬರನ್ನು ಗುಂಡು ಹಾರಿಸಿದವರೆಂದು ಹೆಸರಿಸಿತ್ತು. 2018ರಲ್ಲಿ ಅದೇ ಸಿ.ಬಿ.ಐ. ಅವರಲ್ಲ, ಇವರು ಎಂದು ಬೇರೆ ಇಬ್ಬರನ್ನು ಹಿಡಿಯಿತು. 2024ರ ಮೇ 10ರಂದು ಪುಣೆಯ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟದ್ದು ಈ ಎರಡನೆಯ ಜೋಡಿಗೆ, ಸಚಿನ್ ಅಂದುರೆ ಮತ್ತು ಶರದ್ ಕಳಸ್ಕರ್‌ಗೆ. ಉಳಿದ ಮೂವರು ಬಿಡುಗಡೆಯಾದರು. ಎರಡು ವರ್ಷ ಸರ್ಕಾರಿ ಕಾಗದದ ಮೇಲೆಯೇ ಒಂದು ತಪ್ಪು ಕಥೆ ಕುಳಿತಿತ್ತು ಎಂಬುದನ್ನು ನೆನೆದರೆ ದಿಗಿಲಾಗುತ್ತದೆ. ಸಿಗದವನು ಖಾಲಿ ಹಾಳೆ ಇದ್ದ ಹಾಗೆ. ಅವನು ಬಂದು ಇಲ್ಲ ಎನ್ನುವುದಿಲ್ಲ, ವಕೀಲನನ್ನು ಕಳಿಸುವುದಿಲ್ಲ. ಯಾರಿಗೆ ಬೇಕಾದದ್ದನ್ನು ಅವರು ಬರೆದುಕೊಳ್ಳಬಹುದು.

ಗೌರಿ ಪ್ರಕರಣದ ರೇಖಾಚಿತ್ರಗಳು 2017ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದಾಗ ಒಂದರ ಹಣೆಯ ಮೇಲೆ ತಿಲಕವಿತ್ತು. ದಾರಿ ತಪ್ಪಿಸಲೆಂದೇ ಇಟ್ಟುಕೊಂಡಿರಲೂಬಹುದು ಎಂದು ತನಿಖಾಧಿಕಾರಿಗಳು ಎಚ್ಚರಿಸಿದರೂ, ಚಿತ್ರದಲ್ಲಿ ಮುಖ ನೋಡಿದವರಿಗಿಂತ ಹಣೆ ನೋಡಿದವರೇ ಹೆಚ್ಚು. ಆ ದಿನಗಳಲ್ಲಿ ನಮ್ಮ ಹುಡುಗರ ಮೊಬೈಲುಗಳಲ್ಲೂ ಈ ಚಿತ್ರ ಸಡಗರದಿಂದ ಓಡಾಡಿತು. ಅದರ ಹಿಂದಿದ್ದ ನಿಟ್ಟುಸಿರು ನನಗೆ ಅರ್ಥವಾಗುತ್ತದೆ: ಈ ಸಲವಾದರೂ ನಮ್ಮ ಹೆಸರಿಲ್ಲವಲ್ಲ! ಆದರೆ ಅರ್ಥವಾಗುವುದೆಲ್ಲ ಒಪ್ಪಿಗೆಯಾಗಬೇಕಿಲ್ಲ. ಖಾಲಿ ಹಾಳೆಯ ಮೇಲೆ ಹೆಸರು ಬರೆಯುವ ಆಟದಲ್ಲಿ ಏನು ಕಳೆದುಕೊಳ್ಳುತ್ತೇವೆ ಎಂಬುದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು?

2008ರ ಆರಂಭದಲ್ಲಿ ಹುಬ್ಬಳ್ಳಿಯಲ್ಲಿ ಓದುತ್ತಿದ್ದ ಮುಸ್ಲಿಂ ವಿದ್ಯಾರ್ಥಿಗಳ ಬಂಧನವಾದಾಗ ನಮ್ಮ ತಾಲ್ಲೂಕುಗಳಲ್ಲಿ ಹಬ್ಬಿದ ಕಥೆಗಳು ಸಾಮಾನ್ಯವಾಗಿರಲಿಲ್ಲ. ಯಾವ ಕಾಡಿನಲ್ಲಿ ತರಬೇತಿ, ಯಾವ ದರ್ಗಾದಲ್ಲಿ ಸಭೆ, ಇನ್ನೂ ಎಷ್ಟು ಜನ ತಪ್ಪಿಸಿಕೊಂಡಿದ್ದಾರೆ ಎಂಬ ಲೆಕ್ಕವೂ ಹೇಳುವವನ ಮೇಲೆ ಬದಲಾಗುತ್ತಿತ್ತು. ಗಡ್ಡ ಬಿಟ್ಟ ಹುಡುಗನಿಗೆ ಬಾಡಿಗೆಗೆ ಖೋಲಿ ಸಿಗದ ಕಾಲ ಅದು. 2015ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಆ ಪ್ರಕರಣದ ಎಲ್ಲ 17 ಆರೋಪಿಗಳನ್ನು ಖುಲಾಸೆ ಮಾಡಿತು. ಏಳು ವರ್ಷ! ಬಂಧನವನ್ನು ಹೇಳಿದ ಬಾಯಿಗಳಲ್ಲಿ ಖುಲಾಸೆಯನ್ನು ಹೇಳಿದ್ದು ನಾನು ಕೇಳಲಿಲ್ಲ. 2008ರ ಮೇ 10ರಂದು ಹುಬ್ಬಳ್ಳಿಯ ನ್ಯಾಯಾಲಯದಲ್ಲಿ ಬಾಂಬು ಸಿಡಿದಾಗಲೂ ಎಲ್ಲರ ಬೆರಳು ಒಂದೇ ಕಡೆಗೆ ಹೋಗಿತ್ತು. ಮರುವರ್ಷ ಪೊಲೀಸರು ಬಂಧಿಸಿದ್ದು ಬೇರೆಯವರನ್ನು. 2012ರ ಜನವರಿ 1ರಂದು ಸಿಂದಗಿಯ ತಹಶೀಲ್ದಾರ್ ಕಚೇರಿಯ ಮೇಲೆ ಪಾಕಿಸ್ತಾನದ ಧ್ವಜ ಹಾರಿದಾಗಲೂ ಹಾಗೆಯೇ ಆಯಿತು. ಸಿಂದಗಿಯ ಆ ಪ್ರಕರಣದಲ್ಲಿ ಬಂಧಿತನಾದವರಲ್ಲಿ ಒಬ್ಬನು 2018ರಲ್ಲಿ ಗೌರಿ ಹತ್ಯೆಯ ಆರೋಪಿಯಾಗಿ ಮತ್ತೆ ಸುದ್ದಿಗೆ ಬಂದ. ಕಲಬುರ್ಗಿಯವರು ಹುಟ್ಟಿದ್ದೂ ಸಿಂದಗಿ ತಾಲ್ಲೂಕಿನಲ್ಲೇ ಎಂಬುದು ಕಥೆಯಲ್ಲಿ ಬಂದಿದ್ದರೆ ಕೃತಕ ಎಂದು ನಾನೇ ಹೊಡೆದುಹಾಕುತ್ತಿದ್ದೆ.

ಇಂಥ ಊಹೆಗಳಿಂದ ತನಿಖೆಗೆ ಸಹಾಯವಾಗುತ್ತದಲ್ಲ ಎನ್ನುವವರಿದ್ದಾರೆ. ಕಲಬುರ್ಗಿ ಮತ್ತು ಗೌರಿ ಇಬ್ಬರನ್ನೂ ಕೊಂದದ್ದು ಒಂದೇ 7.65 ಎಂ.ಎಂ. ನಾಡಪಿಸ್ತೂಲು ಎಂದು ಹೇಳಿದ್ದು ವಿಧಿವಿಜ್ಞಾನ ಪ್ರಯೋಗಾಲಯ, ಗುಂಡು ಮತ್ತು ಕಾಡತೂಸಿನ ಗುರುತುಗಳನ್ನು ಹೋಲಿಸಿ. ಗೌರಿ ಪ್ರಕರಣದಲ್ಲಿ 2018ರ ನವೆಂಬರ್‌ನಲ್ಲಿ ಸಲ್ಲಿಸಿದ ಆರೋಪಪಟ್ಟಿಯಲ್ಲಿ 18 ಜನರಿದ್ದರು. ಆಗ ಸಿಗದೆ ಉಳಿದಿದ್ದವರಲ್ಲಿ ಒಬ್ಬ 2020ರ ಜನವರಿಯಲ್ಲಿ ಸಿಕ್ಕ. ಎಲ್ಲಿ? ಝಾರ್ಖಂಡದ ಧನಬಾದ್ ಹತ್ತಿರ, ಕಲ್ಲಿದ್ದಲಿನ ಊರೊಂದರ ಪೆಟ್ರೋಲ್ ಬಂಕಿನಲ್ಲಿ. ಯಾವ ಕಥೆಗಾರನೂ ಅವನನ್ನು ಅಲ್ಲಿ ಇಟ್ಟಿರಲಿಲ್ಲ. ಬಂಕಿನಲ್ಲಿ ಕೆಲಸಕ್ಕಿದ್ದು ದಿನ ಕಳೆಯುವವನಲ್ಲಿ ರಂಜನೆ ಏನಿದೆ?

ನನ್ನನ್ನು ಹೆಚ್ಚು ಕಾಡಿದ್ದು ಇದಕ್ಕಿಂತ ಮುಂದಿನ ಸಂಗತಿ. ಹೆಸರುಗಳು ಹೊರಬಂದ ಮೇಲೆ ಕಥೆಗಳು ಹೆಚ್ಚಾಗಬೇಕಿತ್ತು. ಬದಲಿಗೆ ನಿಂತುಬಿಟ್ಟವು. ನಾಲ್ಕು ವರ್ಷ ಯಾರು ಯಾರು ಎಂದು ಕೇಳಿದ ಅಂಗಡಿಗಳಲ್ಲಿ 2019ರ ಆಗಸ್ಟ್‌ನಲ್ಲಿ ಮಳೆಯ ಮಾತು, ನೆರೆಯ ಮಾತು. ಆ ವರ್ಷದ ನೆರೆ ದೊಡ್ಡದೇ, ಒಪ್ಪುತ್ತೇನೆ. ಆದರೆ ನೀರು ಇಳಿದ ಮೇಲೂ ಯಾರೂ ಎತ್ತಲಿಲ್ಲ. ಗುರುತಿಲ್ಲದವನಾಗಿದ್ದಾಗ ರಾಕ್ಷಸನಾಗಿದ್ದವನು ಗುರುತು ಸಿಕ್ಕೊಡನೆ ಯಾರದೋ ಮಗ, ಯಾರದೋ ಓಣಿಯವನು, ಯಾರದೋ ಜಾತಿಯವನಾದ. ಕಥೆ ಹೇಳುವುದು ಅಲ್ಲಿಗೆ ಕಷ್ಟದ ಕೆಲಸವಾಯಿತು. 2024ರ ಅಕ್ಟೋಬರ್‌ನಲ್ಲಿ ಗೌರಿ ಪ್ರಕರಣದ ಇಬ್ಬರು ಆರೋಪಿಗಳು ಜಾಮೀನಿನ ಮೇಲೆ ವಿಜಯಪುರಕ್ಕೆ ಬಂದಾಗ ಹಾರ ಹಾಕಿ, ಕೇಸರಿ ಶಾಲು ಹೊದಿಸಿ ಸ್ವಾಗತಿಸಿದವರಿದ್ದರು. ಜಾಮೀನು ಅವರ ಹಕ್ಕು, ಅಪರಾಧ ಸಾಬೀತಾಗುವ ತನಕ ಅವರು ಆರೋಪಿಗಳಷ್ಟೇ. ಹಾಗಿದ್ದರೆ ಹಾರ ಯಾವುದಕ್ಕೆ? ತಪ್ಪು ಮಾಡಿಲ್ಲವೆಂದು ನಂಬಿ ಹಾಕಿದ್ದೋ, ಮಾಡಿದ್ದಾರೆಂದು ನಂಬಿ ಹಾಕಿದ್ದೋ? ಈ ಪ್ರಶ್ನೆಯನ್ನು ಒಂದು ಸಣ್ಣಕಥೆಯಲ್ಲಿ ಹಿಡಿಯಲು ಎರಡು ಸಲ ಪ್ರಯತ್ನಿಸಿದೆ, ಆಗಲಿಲ್ಲ.

ಇಷ್ಟೆಲ್ಲ ಕಥೆಗಳಲ್ಲಿ ಸತ್ತವರು ಎಲ್ಲಿದ್ದಾರೆ ಎಂದು ಹುಡುಕಿದರೆ ಸಿಗುವುದಿಲ್ಲ. ಕಲಬುರ್ಗಿಯವರ ಕೊಲೆಗಾರನ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲವರು 'ಮಾರ್ಗ'ದ ಒಂದು ಸಂಪುಟವನ್ನೂ ಕೈಯಲ್ಲಿ ಹಿಡಿದವರಲ್ಲ. ಅದರ ನಾಲ್ಕನೆಯ ಸಂಪುಟಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ವಚನಗಳ ವಿದ್ವಾಂಸ ಎಂದೇ ಎಲ್ಲರೂ ತಿಳಿದಿರುವ ಈ ಮನುಷ್ಯ ಕೊನೆಯ ವರ್ಷಗಳಲ್ಲಿ ಹೊತ್ತುಕೊಂಡಿದ್ದ ಒಂದು ಕೆಲಸ ವಿಜಯಪುರದ ಹಳಕಟ್ಟಿ ಸಂಶೋಧನ ಕೇಂದ್ರದ ಆದಿಲಶಾಹಿ ಸಾಹಿತ್ಯ ಯೋಜನೆ. ಫಾರಸಿಯಲ್ಲಿ, ದಖನಿಯಲ್ಲಿ ಮುಚ್ಚಿಕೊಂಡು ಬಿದ್ದಿದ್ದ ವಿಜಯಪುರದ ಕೃತಿಗಳನ್ನು ಕನ್ನಡಕ್ಕೆ ತರುವುದು ಅದರ ಉದ್ದೇಶ. ಆ ಭಾಷೆಗಳನ್ನು ಬಲ್ಲವರನ್ನು ಹುಡುಕಿ, ಅವರಿಂದ ಕನ್ನಡ ಮಾಡಿಸಿ, ತಾವು ಸಂಪಾದಕರಾಗಿ ಕುಳಿತರು. ಉರ್ದು, ಕನ್ನಡ ಎರಡರಲ್ಲೂ ಓದುವ ನನ್ನಂಥವನಿಗೆ ಇದೊಂದು ಮನೆಯೊಳಗಿನ ಕೆಲಸ. ನಮ್ಮ ಅಜ್ಜಂದಿರ ದಖನಿಯೂ ನಮ್ಮ ಮಕ್ಕಳ ಕನ್ನಡವೂ ಒಂದೇ ಪುಟದಲ್ಲಿ ಕೂಡಿದ್ದು ಅಲ್ಲಿ. ಆ ಪುಸ್ತಕಗಳಲ್ಲಿ ಪ್ರತಿಯೊಂದರ ಮೇಲೂ ಅನುವಾದಿಸಿದವರ ಹೆಸರಿದೆ.