ಪರ್ಷಿಯನ್ ಬೆಕ್ಕು: ಕೂದಲು ನೋಡಿ, ಮೂಗನ್ನೂ ನೋಡಿ

ಕುಷ್ಟಗಿ, ಯಲಬುರ್ಗಾದ ಓಣಿಗಳಲ್ಲಿ ನಾವು ಕಂಡು ಬೆಳೆದದ್ದು ಗಿಡ್ಡ ಕೂದಲಿನ ಬೆಕ್ಕು. ಹಾಗಾಗಿ ಪರ್ಷಿಯನ್ ಬೆಕ್ಕನ್ನು ಮೊದಲ ಸಲ ಕಂಡವರ ಕಣ್ಣು ಅದರ ಕೂದಲಿನ ಮೇಲೆಯೇ ನಿಲ್ಲುತ್ತದೆ. ನಿಲ್ಲಲಿ, ಆದರೆ ಬೆರಳಿನಿಂದ ಮೆಲ್ಲಗೆ ಬಿಡಿಸಿ ನೋಡಿ. ಮೇಲೆ ಉದ್ದನೆಯ ನುಣುಪು ಕೂದಲು, ಅದರಡಿ ಹತ್ತಿಯಂಥ ಒತ್ತಾದ ಒಳಗೂದಲು. ಕೊರಳ ಸುತ್ತ ಮತ್ತು ಬಾಲದಲ್ಲಿ ಅದು ತುಂಬಿ ನಿಂತಿರಬೇಕು. ಕಾಲು ಗಿಡ್ಡ, ಎದೆ ಅಗಲ, ಕಿವಿ ಚಿಕ್ಕದು, ಕಣ್ಣು ದೊಡ್ಡದು, ದುಂಡನೆಯದು.

ಇದರ ಮೂಲದ ಕತೆ ಹೇಳುವಾಗ ಕನ್ನಡ ನಾಡನ್ನು ಕಂಡ ಒಬ್ಬನ ಹೆಸರು ಬರುತ್ತದೆ. ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಪರ್ಷಿಯಾದಲ್ಲಿದ್ದಾಗ, ಖುರಾಸಾನದ ಬೂದು ಬಣ್ಣದ ರೇಷ್ಮೆಗೂದಲಿನ ಬೆಕ್ಕುಗಳಿಗೆ ಮನಸೋತು ತನ್ನ ಪತ್ರದಲ್ಲಿ ಅವನ್ನು ವರ್ಣಿಸಿದ. ಇಟಲಿಗೆ ಒಯ್ಯುವ ಆಸೆಯನ್ನೂ ಹೊತ್ತಿದ್ದ. ಅದೇ ದೆಲ್ಲಾ ವಲ್ಲೆ 1623ರಲ್ಲಿ ಗೋವೆಯಿಂದ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಬಂದು, ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಣ್ಣಿಗೆ ಕಟ್ಟುವಂತೆ ಬರೆದ. ಬೆಕ್ಕಿರಲಿ, ಅರಮನೆಯಿರಲಿ, ಅವನ ನೋಟ ಅಷ್ಟು ಚುರುಕು.

ಈಗಿನ ಪರ್ಷಿಯನ್ ಬೆಕ್ಕು ಮಾತ್ರ ಬಹುಮಟ್ಟಿಗೆ ಯುರೋಪಿನಲ್ಲಿ ರೂಪುಗೊಂಡದ್ದು. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ದೊಡ್ಡ ಬೆಕ್ಕಿನ ಪ್ರದರ್ಶನ ನಡೆಯಿತು. ಆಮೇಲೆ ತಳಿಗಾರರು ಆರಿಸಿ ಆರಿಸಿ ಬೆಳೆಸಿದರು. 2008ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದರಲ್ಲಿ ಇದು ಪಶ್ಚಿಮ ಯುರೋಪಿನ ಬೆಕ್ಕುಗಳ ಗುಂಪಿಗೇ ಸೇರಿತು.

ಹಾಗೆ ಆರಿಸುತ್ತಾ ಮುಖವನ್ನು ಚಪ್ಪಟೆ ಮಾಡಿದ್ದು ನನಗೆ ನೋವಿನ ಸಂಗತಿ. ಮೂಗು ಕಣ್ಣುಗಳ ನಡುವೆ ಒಳಸೇರಿದ ಬೆಕ್ಕಿಗೆ ಉಸಿರಾಟ ಕಷ್ಟ, ಕಣ್ಣಲ್ಲಿ ಸದಾ ನೀರು. ಕೊಪ್ಪಳ, ಗಂಗಾವತಿಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಇಂಥಲ್ಲಿ ಅದು ಪಡುವ ಪಾಡನ್ನು ಚೆಲುವು ಎನ್ನಲಾರೆ. ಮೂಗು ಎದ್ದು ಕಾಣುವ ಹಳೆಯ ಮುಖದ ಪರ್ಷಿಯನ್ನೇ ನಿಜವಾಗಿ ಚೆಂದ.

ಉದ್ದ ಕೂದಲು ಬರಬೇಕಾದರೆ ತಾಯಿ, ತಂದೆ ಇಬ್ಬರಿಂದಲೂ ಆ ಗುಣ ಬರಬೇಕು. ಆದ್ದರಿಂದ ಮರಿ ತರುವ ಮುನ್ನ ಎರಡನ್ನೂ ನೋಡಿ, ಉಸಿರಾಟದ ಸದ್ದು ಆಲಿಸಿ. ಈ ತಳಿಯಲ್ಲಿ ವಂಶಪಾರಂಪರ್ಯವಾಗಿ ಬರುವ ಮೂತ್ರಪಿಂಡದ ಗುಳ್ಳೆಗಳ ಕಾಯಿಲೆಗೆ ಪರೀಕ್ಷೆ ಮಾಡಿಸಿದ್ದಾರೆಯೇ ಎಂದು ಕೇಳಿ. ದಿನವೂ ಹಣಿಗೆ ಹಿಡಿದು ಸಿಕ್ಕು ಬಿಡಿಸುವ ಪುರುಸೊತ್ತು ಇಲ್ಲದವರು ದಯವಿಟ್ಟು ಈ ಬೆಕ್ಕನ್ನು ಸಾಕಬೇಡಿ.