ಹೊಲಿಗೆ ಯಂತ್ರದ ಆಯ್ಕೆ: ಬಟ್ಟೆ ಮೊದಲು, ಯಂತ್ರ ಆಮೇಲೆ

ಮನೆಬಳಕೆಯ ಹೊಲಿಗೆ ಯಂತ್ರದ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಕಾಣುವುದು ಅದು ಎಷ್ಟು ಬಗೆಯ ಹೊಲಿಗೆ ಹಾಕುತ್ತದೆ ಎಂಬ ಸಂಖ್ಯೆ. ಅಂಗಡಿಯಲ್ಲಿ ಮಾತು ನಡೆಯುವುದೂ ಬಹುಮಟ್ಟಿಗೆ ಅದರ ಸುತ್ತಲೇ. ಆದರೆ ರವಿಕೆ, ಚೂಡಿದಾರ, ಲಂಗ, ದಿಂಬಿನ ಚೀಲ, ಕಿಟಕಿ ಪರದೆ ಯಾವುದನ್ನೇ ತೆಗೆದುಕೊಂಡರೂ ಅದರಲ್ಲಿ ಹೆಚ್ಚಿನ ಪಾಲು ನೇರ ಹೊಲಿಗೆಯೇ. ಅಂಚಿನ ಎಳೆ ಬಿಚ್ಚಿಕೊಳ್ಳದಂತೆ ಒಂದು ಝಿಗ್‌ಝಾಗ್, ಗುಂಡಿಗೆ ಒಂದು ಕಾಜಾ ಸೇರಿದರೆ ಮನೆಯ ಅಗತ್ಯ ಮುಗಿಯಿತು. ಎಲೆ, ಹೂವು, ಬಾತುಕೋಳಿಗಳ ಸಾಲು ಯಂತ್ರ ಬಂದ ಹೊಸತರಲ್ಲಿ ಹಳೆ ಟವೆಲ್ಲಿನ ಮೇಲೆ ಮೂಡುತ್ತದೆ, ಆಮೇಲೆ ಅದರ ಗೊಡವೆಗೆ ಯಾರೂ ಹೋಗುವುದಿಲ್ಲ. ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ್ದು ಬೇರೆ: ಹೊಲಿಯುವುದು ಯಾವ ಬಟ್ಟೆ, ದಿನಕ್ಕೆ ಎಷ್ಟು ಹೊತ್ತು, ಕೆಟ್ಟರೆ ರಿಪೇರಿ ಮಾಡುವವರು ಹತ್ತಿರದಲ್ಲಿ ಇದ್ದಾರೆಯೇ.

ಕರ್ನಾಟಕದ ಹಳ್ಳಿ, ಪಟ್ಟಣಗಳ ಮನೆಗಳಲ್ಲಿ ತಲೆಮಾರುಗಳಿಂದ ದುಡಿಯುತ್ತಿರುವುದು ಎರಕದ ಕಬ್ಬಿಣದ ಕಪ್ಪು ಯಂತ್ರ. ಸೂಜಿಯ ನೂಲನ್ನು ಕೆಳಗಿನ ನೂಲಿಗೆ ಕೊಂಡಿ ಹಾಕುವ ಲಾಕ್‌ಸ್ಟಿಚ್ ಯಂತ್ರಕ್ಕೆ ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದರು; 1851ರಲ್ಲಿ ಐಸಾಕ್ ಸಿಂಗರ್ ಪೇಟೆಂಟ್ ಪಡೆದ ಯಂತ್ರ ಅದನ್ನು ದಿನಬಳಕೆಗೆ ಒಗ್ಗಿಸಿತು. ಇಂದು ಉಷಾ ಕಂಪನಿ, ಲುಧಿಯಾನದ ತಯಾರಕರು ಮಾರುವ ಕಪ್ಪು ಯಂತ್ರದ ಮೂಲ ತತ್ವವೂ ಅದೇ. ಇದು ನೇರ ಹೊಲಿಗೆ ಬಿಟ್ಟು ಬೇರೇನನ್ನೂ ಹಾಕದು, ಅದರ ಬಲ ಇರುವುದೂ ಅಲ್ಲಿಯೇ. ಸೂಜಿ ಇಳಿಯುವ ತಟ್ಟೆಯಲ್ಲಿ ಇದಕ್ಕೆ ಸಣ್ಣದೊಂದು ದುಂಡು ತೂತು ಸಾಕು. ಝಿಗ್‌ಝಾಗ್ ಯಂತ್ರದಲ್ಲಿ ಸೂಜಿ ಅತ್ತಿತ್ತ ಸರಿಯಬೇಕಾದ್ದರಿಂದ ಅಲ್ಲಿ ಅಗಲವಾದ ಸೀಳು ಇರುತ್ತದೆ. ತೆಳು ರೇಷ್ಮೆಯನ್ನೋ ಜಾರ್ಜೆಟ್ಟನ್ನೋ ಅದರ ಮೇಲಿಟ್ಟು ಮೂಲೆಯಿಂದ ಹೊಲಿಗೆ ಶುರು ಮಾಡಿದರೆ ಸೂಜಿ ಎಷ್ಟೋ ಸಲ ಬಟ್ಟೆಯನ್ನೇ ಸೀಳಿನೊಳಗೆ ತಳ್ಳಿಬಿಡುತ್ತದೆ. ಕೆಳಗೆ ನೂಲು ಗಂಟುಗಟ್ಟಿ ಬಟ್ಟೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಸಣ್ಣ ತೂತಿನ ತಟ್ಟೆ ಬಟ್ಟೆಗೆ ಸುತ್ತಲೂ ಆಧಾರ ಕೊಡುವುದರಿಂದ ಸಾಲು ನೆಟ್ಟಗೆ ಬರುತ್ತದೆ. ರೇಷ್ಮೆ ರವಿಕೆ ಹೊಲಿಯುವವರು ಈ ಯಂತ್ರವನ್ನು ಬಿಡದಿರುವುದಕ್ಕೆ ಹಳೆಯದರ ಮೇಲಿನ ಮೋಹವಷ್ಟೇ ಕಾರಣವಲ್ಲ. ಕರೆಂಟು ಹೋದರೂ ತುಳಿದರೆ ಓಡುತ್ತದೆ, ಬೇಕೆಂದರೆ ಮೋಟಾರ್ ಕೂಡಿಸಿಕೊಳ್ಳಬಹುದು. ಬೆಲ್ಟು, ಶಟಲ್, ಬಾಬಿನ್ ಕೇಸ್ ಸಣ್ಣ ಊರಿನ ಅಂಗಡಿಯಲ್ಲೂ ಸಿಗುತ್ತವೆ. ಇದರಲ್ಲೇ ಮನೆ ಮಾದರಿ, ಟೈಲರ್ ಮಾದರಿ ಎಂದು ಎರಡುಂಟು. ದಿನವಿಡೀ ಹೊಲಿಯುವವರಿಗೆ ಟೈಲರ್ ಮಾದರಿಯೇ ತಕ್ಕದ್ದು. ಕೊರತೆಯೂ ಸಣ್ಣದಲ್ಲ: ಸೀರೆಯ ಪಿಕೊ, ಅಂಚಿನ ಓವರ್‌ಲಾಕ್‌ಗೆ ಹೊರಗೆ ಕೊಡಬೇಕು, ಕಾಜಾ ಕೈಯಲ್ಲೇ ಹಾಕಬೇಕು.

ಆಟೊಮ್ಯಾಟಿಕ್ ಎಂದು ಮಾರುವ ಬಿಳಿ ಯಂತ್ರ ಈ ಕೊರತೆಯನ್ನು ಒಂದಿಷ್ಟು ತುಂಬುತ್ತದೆ. ಎತ್ತಿ ಕಪಾಟಿನಲ್ಲಿಡಬಹುದಾದಷ್ಟು ಹಗುರ. ಟೀ ಶರ್ಟಿನಂಥ ಹಿಗ್ಗುವ ಬಟ್ಟೆಗೆ ನೇರ ಹೊಲಿಗೆ ಹಾಕಿದರೆ ಎಳೆದಾಗ ನೂಲು ಪಟಕ್ಕನೆ ಹರಿಯುತ್ತದೆ. ಝಿಗ್‌ಝಾಗ್ ಬಟ್ಟೆಯೊಂದಿಗೆ ತಾನೂ ಹಿಗ್ಗುತ್ತದೆ. ಮಕ್ಕಳ ಉಡುಪು, ಆಲ್ಟರೇಷನ್, ಹವ್ಯಾಸದ ಹೊಲಿಗೆಗೆ ಇದು ಚೆನ್ನ. ಆದರೆ ಜೀನ್ಸಿನ ಕೆಳಮಡಿಕೆಯನ್ನು ಪಕ್ಕದ ಹೊಲಿಗೆ ದಾಟುವ ಕಡೆ, ಬಟ್ಟೆ ಆರೆಂಟು ಪದರವಾಗುವಲ್ಲಿ, ಹಗುರ ಮಾದರಿಗಳು ಏದುಸಿರು ಬಿಡುತ್ತವೆ. ಹಳೆ ಸೀರೆ, ಪಂಚೆಗಳನ್ನು ಪದರ ಪದರವಾಗಿ ಜೋಡಿಸುವ ಉತ್ತರ ಕರ್ನಾಟಕದ ಕೌದಿಯಂಥದ್ದನ್ನು ಇದರಲ್ಲಿ ಹೊಲಿಯುತ್ತೇನೆಂದು ಹೊರಡುವುದು ಯಂತ್ರಕ್ಕೆ ಮಾಡುವ ಅನ್ಯಾಯ. ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ: ದುಬಾರಿ ಯಂತ್ರ ತಂದರೆ ರವಿಕೆಯ ಆರಿ ವರ್ಕ್ ಮನೆಯಲ್ಲೇ ಆಗಿಬಿಡುತ್ತದೆ ಎಂಬುದು. ಆರಿ ವರ್ಕ್ ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ಕೊಕ್ಕೆಸೂಜಿಯಿಂದ ನಡೆಯುವ ಕೈಕೆಲಸ. ಈ ಯಂತ್ರಗಳ ಅಲಂಕಾರ ಹೊಲಿಗೆಗೂ ಅದಕ್ಕೂ ಸಂಬಂಧವಿಲ್ಲ.

ಯಾವ ಕಂಪನಿಯದಾದರೂ ಜನ ಜೂಕಿ ಎಂದೇ ಕರೆಯುವ ಪವರ್ ಯಂತ್ರ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಿಂದ ಮನೆಗಳಿಗೂ ಬಂದಿದೆ. ನಿಮಿಷಕ್ಕೆ 5,000 ಹೊಲಿಗೆಯ ಆಸುಪಾಸು ಓಡಬಲ್ಲದು. ಬಿಳಿ ಯಂತ್ರಗಳು ಸಾಮಾನ್ಯವಾಗಿ 1,000 ದಾಟುವುದಿಲ್ಲ. ಇಷ್ಟಾದರೂ ಸಾಮಾನ್ಯ ಮಾದರಿ ಹಾಕುವುದು ನೇರ ಹೊಲಿಗೆಯೊಂದನ್ನೇ. ಮೇಜು ಸಮೇತ ಬರುವುದರಿಂದ ಜಾಗ ಬೇಕು. ಹಳೆಯ ಕ್ಲಚ್ ಮೋಟಾರ್ ಹೊಲಿಯದಿದ್ದಾಗಲೂ ತಿರುಗುತ್ತಲೇ ಇರುತ್ತದೆ, ಸರ್ವೋ ಮೋಟಾರ್ ಪೆಡಲ್ ಒತ್ತಿದಾಗ ಮಾತ್ರ. ವಿದ್ಯುತ್ ಬಿಲ್ಲಿನ ದೃಷ್ಟಿಯಿಂದ ಸರ್ವೋ ಮೇಲು. ಯೂನಿಫಾರ್ಮ್, ನೈಟಿಗಳ ದೊಡ್ಡ ಆರ್ಡರ್ ಇದ್ದವರಿಗಷ್ಟೇ ಈ ವೇಗ ದುಡ್ಡಾಗುತ್ತದೆ. ಕಲಿಯುವವರ ಕೈಗೆ ಅದು ಹತೋಟಿಗೆ ಸಿಗುವುದು ಕಷ್ಟ.

ಯಾವುದನ್ನು ಕೊಳ್ಳುವುದಾದರೂ ಅಂಗಡಿಗೆ ಬಟ್ಟೆ ಒಯ್ಯಬೇಕು. ಅಂಗಡಿಯವರು ತೋರಿಸುವ ಗಂಜಿ ಹಾಕಿದ ಹತ್ತಿ ತುಂಡಿನ ಮೇಲೆ ಎಲ್ಲ ಯಂತ್ರವೂ ಚೆನ್ನಾಗಿಯೇ ಹೊಲಿಯುತ್ತದೆ. ಲೈನಿಂಗ್ ಸೇರಿಸಿದ ರವಿಕೆ ಬಟ್ಟೆ, ಜೀನ್ಸಿನ ಮಡಿಕೆ, ತೆಳು ರೇಷ್ಮೆ, ಈ ಮೂರು ತುಂಡು ಸಾಕು. ಹೊಲಿದ ಮೇಲೆ ಎರಡೂ ಬದಿ ನೋಡಬೇಕು. ಅಡಿಯಲ್ಲಿ ನೂಲು ಸಡಿಲವಾಗಿ ಸುರುಳಿ ಬಿದ್ದಿದ್ದರೆ ಮೇಲಿನ ಟೆನ್ಷನ್ ಸಾಲದು ಎಂದರ್ಥ. ಅದು ತಿರುಗಿಸಿ ಸರಿಪಡಿಸಬಹುದಾದ್ದು. ಸರಿಪಡಿಸಿದರೂ ನಿಲ್ಲದಿದ್ದರೆ ಯಂತ್ರವನ್ನು ಅಲ್ಲೇ ಬಿಡಬೇಕು. ಸೆಕೆಂಡ್ ಹ್ಯಾಂಡ್ ಆದರೆ ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸಿ, ಎಲ್ಲಾದರೂ ತಡೆಯುತ್ತದೆಯೇ ಎಂದು ಪರೀಕ್ಷಿಸಬೇಕು.

2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ವೃತ್ತಿಯೂ ಇದೆ. ಅರ್ಹರಿಗೆ ಉಪಕರಣಕ್ಕೆಂದು 15,000 ರೂಪಾಯಿವರೆಗೆ ನೆರವು ಸಿಗುತ್ತದೆ. ಮನೆಯಲ್ಲಿ ರವಿಕೆ ಹೊಲಿದು ಸಂಪಾದಿಸಲು ಹೊರಟವರು ಆ ಹಣವನ್ನು ಅಲಂಕಾರ ಹೊಲಿಗೆಗಳ ಮೇಲೆ ಸುರಿಯುವುದಕ್ಕಿಂತ ಟೈಲರ್ ಮಾದರಿಯ ಕಪ್ಪು ಯಂತ್ರ, ಅದಕ್ಕೊಂದು ಮೋಟಾರ್ ಕೊಳ್ಳುವುದು ಲೇಸು. ಪಿಕೊ ಯಂತ್ರ ಗಿರಾಕಿಗಳು ಬಂದ ಮೇಲೆ ತಂದರಾಯಿತು.